ಕಪ್ಪಾದ ಬೆಳ್ಳಿ ರೂಪಾಯಿಯನ್ನು ಉಜ್ಜುವ ಮುನ್ನ: ನಾಣ್ಯದ ‘ಟೋನಿಂಗ್’ ಮತ್ತು ಬೆಲೆಯ ಲೆಕ್ಕ

2025ರಲ್ಲಿ ಬೆಳ್ಳಿ ಬೆಲೆ ಕೇಜಿಗೆ ಒಂದು ಲಕ್ಷ ದಾಟಿ ಏರುತ್ತಲೇ ಹೋಯಿತು. ಆಗಿನಿಂದ ಎಷ್ಟೋ ಮನೆಗಳಲ್ಲಿ ಬೀರುವಿನ ಮೂಲೆಯ ಗಂಟು ಬಿಚ್ಚಿದೆ. ಅಜ್ಜಿಯ ಕಾಲದ ರಾಣಿ ರೂಪಾಯಿ, ಜಾರ್ಜ್ ದೊರೆಯ ರೂಪಾಯಿ ಹೊರಬಂದಿವೆ. ಹೊರಬಂದ ಕೂಡಲೇ ನಮ್ಮ ಕೈ ಹುಣಸೆಹಣ್ಣಿನ ಕಡೆಗೆ ಹೋಗುತ್ತದೆ. ಇಲ್ಲವೇ ವಿಭೂತಿ, ಹಲ್ಲುಪುಡಿ. ಕಪ್ಪಾಗಿದೆಯಲ್ಲ, ಉಜ್ಜಿ ಬೆಳ್ಳಗೆ ಮಾಡಿದರೆ ಬೆಲೆ ಜಾಸ್ತಿ ಸಿಗಬಹುದು ಅಂತ.

ನಾಣ್ಯ ಸಂಗ್ರಹಿಸುವವರ ಲೆಕ್ಕ ಇದಕ್ಕೆ ತಲೆಕೆಳಗು.

ನನ್ನ ಮುಂದೆ ಈಗ ಎರಡು ರೂಪಾಯಿಗಳಿವೆ. ಎರಡೂ ನಮ್ಮಜ್ಜಿಯ ಬಟ್ಟೆ ಚೀಲದಿಂದ ಬಂದವು. ಎರಡೂ 1919ರವು, ಐದನೇ ಜಾರ್ಜ್ ದೊರೆಯ ತಲೆ ಇರುವವು. ಒಂದು ರೂಪಾಯಿ ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಮುಂದೆ ಕೂತಿದೆ. ಹಬ್ಬದ ಹಿಂದಿನ ದಿನ ಅದಕ್ಕೆ ಹುಣಸೆಹಣ್ಣಿನ ಸ್ನಾನ, ವಿಭೂತಿಯ ಮಾಲೀಷು. ಈಗ ಅದು ಸ್ಟೀಲ್ ತಟ್ಟೆಯ ಹಾಗೆ ಬೆಳ್ಳಗಿದೆ. ಇನ್ನೊಂದು ಯಾಕೋ ಕಂದು ಕಾಗದದ ಮಡಿಕೆಯೊಳಗೆ, ಮರದ ಪೆಟ್ಟಿಗೆಯ ತಳದಲ್ಲೇ ಉಳಿದುಬಿಟ್ಟಿತ್ತು. ಅದರ ನಡುಭಾಗ ತಿಳಿ ಬೂದು. ಅಂಚಿನ ಕಡೆಗೆ ಹೋದಂತೆ ಜೇನುತುಪ್ಪದ ಬಣ್ಣ, ಆಮೇಲೆ ಇಟ್ಟಿಗೆ ಕೆಂಪು, ಆಮೇಲೆ ಬದನೆಕಾಯಿಯ ನೇರಳೆ. ಕೊಟ್ಟಕೊನೆಯ ಅಂಚಿನಲ್ಲಿ ನೀಲಿ ಗೆರೆ.

ಬೆಂಗಳೂರಿನ ಒಂದು ನಾಣ್ಯ ಪ್ರದರ್ಶನಕ್ಕೆ ಎರಡನ್ನೂ ಒಯ್ದಿದ್ದೆ. ಅಲ್ಲಿದ್ದ ಹಿರಿಯ ವ್ಯಾಪಾರಿ ಬೆಳ್ಳಗಿನದನ್ನು ಎತ್ತಿ ನೋಡಿ ತಕ್ಷಣ ಕೆಳಗಿಟ್ಟರು. “ಇದಕ್ಕೆ ಬೆಳ್ಳಿ ರೇಟು ಕೊಡಬಹುದು ಅಷ್ಟೇ” ಅಂದರು. ಎರಡನೆಯದನ್ನು ಅಂಚು ಹಿಡಿದು, ದೀಪದ ಕೆಳಗೆ ನಿಧಾನವಾಗಿ ತಿರುಗಿಸಿದರು. ತುಂಬಾ ಹೊತ್ತು ನೋಡಿದರು. ಮೊದಲನೆಯದಕ್ಕೆ ಹೇಳಿದ್ದರ ಹತ್ತಿರ ಹತ್ತಿರ ಎರಡರಷ್ಟು ಹೇಳಿದರು. ಒಂದೇ ಇಸವಿ, ಒಂದೇ ತೂಕ, ಒಂದೇ ಬೆಳ್ಳಿ. ಮತ್ತೆ ಈ ವ್ಯತ್ಯಾಸ ಎಲ್ಲಿಂದ ಬಂತು?

ಟೋನಿಂಗ್ ಅಂದರೆ ಏನು?

ಲೋಹದ ನಾಣ್ಯದ ಮೈಮೇಲೆ ಕಾಲಕಳೆದಂತೆ ತಾನಾಗಿಯೇ ಕಟ್ಟುವ ತೆಳುವಾದ ಬಣ್ಣದ ಪದರಕ್ಕೆ ಸಂಗ್ರಾಹಕರು ಟೋನಿಂಗ್ ಅನ್ನುತ್ತಾರೆ. ಇದು ಕೊಳೆಯಲ್ಲ. ಕೊಳೆ ಹೊರಗಿನಿಂದ ಬಂದು ಅಂಟಿಕೊಂಡದ್ದು. ಟೋನಿಂಗ್ ಲೋಹವೇ ಗಾಳಿಯ ಜೊತೆ ಸೇರಿ ಬದಲಾದದ್ದು.

ಬೆಳ್ಳಿಯ ವಿಷಯದಲ್ಲಿ ಈ ಬದಲಾವಣೆಗೆ ಕಾರಣ ಗಂಧಕ. ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲ ಬಹಳ ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತದೆ. ಕೊಳೆತ ಮೊಟ್ಟೆಯ ನಾತಕ್ಕೆ ಕಾರಣವೂ ಅದೇ. ಸ್ವಲ್ಪ ತೇವ ಇದ್ದರೆ ಸಾಕು, ಅದರಲ್ಲಿನ ಗಂಧಕ ಬೆಳ್ಳಿಯನ್ನು ಹಿಡಿದುಕೊಂಡು ಬೆಳ್ಳಿ ಸಲ್ಫೈಡ್ ಆಗುತ್ತದೆ. ಬೆಳ್ಳಿ ಚಮಚದಲ್ಲಿ ಮೊಟ್ಟೆ ತಿಂದರೆ ಚಮಚ ಕಪ್ಪಾಗುವುದು ಇದರಿಂದಲೇ. ದೇವರ ಮನೆಯ ಬೆಳ್ಳಿ ದೀಪ ಮುಂದಿನ ಹಬ್ಬದೊಳಗೆ ಮಂಕಾಗುವುದೂ ಇದರಿಂದಲೇ.

ಗಂಧಕ ಗಾಳಿಯಿಂದ ಮಾತ್ರ ಬರಬೇಕಿಲ್ಲ. ರಬ್ಬರಿನಲ್ಲಿ ಗಂಧಕ ಇರುತ್ತದೆ. ಅದಕ್ಕೇ ನಾಣ್ಯಗಳ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿದರೆ ಒಂದು ಕರಿ ಗೆರೆ ಉಳಿದುಹೋಗುತ್ತದೆ. ಉಣ್ಣೆಯಲ್ಲಿದೆ, ಅಗ್ಗದ ಕಾಗದದಲ್ಲಿ, ರಟ್ಟಿನಲ್ಲಿ ಇದೆ. ನಮ್ಮಜ್ಜಿಯ ರೂಪಾಯಿಗೆ ಬಣ್ಣ ಕೊಟ್ಟದ್ದು ಬಹುಶಃ ಆ ಕಂದು ಕಾಗದವೇ.

ಬಣ್ಣ ಬಳಿದವರು ಯಾರು?

ಬೆಳ್ಳಿ ಸಲ್ಫೈಡ್ ನಿಜಕ್ಕೂ ಕಪ್ಪು ವಸ್ತು. ಹಾಗಿದ್ದರೆ ನೀಲಿ, ನೇರಳೆ, ಚಿನ್ನದ ಬಣ್ಣ ಹೇಗೆ ಕಾಣುತ್ತದೆ?

ಮಳೆ ಬಂದು ನಿಂತ ಮೇಲೆ ರಸ್ತೆಯ ನೀರಿನ ಮೇಲೆ ಪೆಟ್ರೋಲಿನ ಹನಿ ಬಿದ್ದಿರುವುದನ್ನು ನೋಡಿದ್ದೀರಿ ಅಲ್ವಾ? ಅಲ್ಲಿ ಕಾಮನಬಿಲ್ಲು ಹರಡಿಕೊಂಡಿರುತ್ತದೆ. ಪೆಟ್ರೋಲಿಗೆ ಆ ಬಣ್ಣಗಳಿಲ್ಲ. ಸೋಪಿನ ಗುಳ್ಳೆಗೂ ಇಲ್ಲ. ಪದರ ತೀರಾ ತೆಳುವಾಗಿದ್ದಾಗ ಬೆಳಕಿನ ಒಂದು ಪಾಲು ಪದರದ ಮೇಲ್ಭಾಗದಿಂದ ವಾಪಸ್ ಬರುತ್ತದೆ, ಇನ್ನೊಂದು ಪಾಲು ಒಳಗೆ ಹೋಗಿ ತಳದಿಂದ ವಾಪಸ್ ಬರುತ್ತದೆ. ಈ ಎರಡು ಪಾಲುಗಳು ಮತ್ತೆ ಸೇರುವಾಗ ಕೆಲವು ಬಣ್ಣಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಕೆಲವು ಗಟ್ಟಿಯಾಗುತ್ತವೆ. ಯಾವುದು ಅಳಿಯುತ್ತದೆ, ಯಾವುದು ಉಳಿಯುತ್ತದೆ ಅನ್ನುವುದು ಪದರದ ದಪ್ಪವನ್ನು ನೆಚ್ಚಿಕೊಂಡಿದೆ.

ಎಷ್ಟು ದಪ್ಪ? ತಲೆಕೂದಲೊಂದನ್ನು ಅಡ್ಡಕ್ಕೆ ಸಾವಿರ ಪದರವಾಗಿ ಸೀಳಲು ಸಾಧ್ಯವಾದರೆ ಅದರಲ್ಲಿ ಒಂದು ಪದರದಷ್ಟು. ಮೊದಲ ಸುತ್ತಿನ ಬಣ್ಣಗಳೆಲ್ಲ ಅಷ್ಟರೊಳಗೇ ಮುಗಿದುಹೋಗುತ್ತವೆ.

ಇಲ್ಲಿ ಒಂದು ಮುಖ್ಯ ಸಂಗತಿ ಇದೆ. ಬಣ್ಣಗಳು ಬರುವುದಕ್ಕೆ ಒಂದು ಸರದಿ ಇದೆ. ಮೊದಲು ತಿಳಿ ಹಳದಿ. ಆಮೇಲೆ ಚಿನ್ನದ ಬಣ್ಣ, ಇಟ್ಟಿಗೆ ಕೆಂಪು, ನೇರಳೆ, ಗಾಢ ನೀಲಿ, ಆಕಾಶ ನೀಲಿ. ಪದರ ಇನ್ನೂ ದಪ್ಪವಾದರೆ ಮತ್ತೆ ಹಳದಿ, ಮತ್ತೆ ಗುಲಾಬಿ ಕೆಂಪು, ಆಮೇಲೆ ಹಸಿರು. ಕೊನೆಗೆ ಪದರ ಬೆಳಕನ್ನು ಒಳಗೇ ನುಂಗುವಷ್ಟು ದಪ್ಪವಾಗಿ ಕಪ್ಪಾಗುತ್ತದೆ. ನನ್ನ ರೂಪಾಯಿಯ ನಡುವಿನಿಂದ ಅಂಚಿನವರೆಗೆ ಇರುವುದು ಇದೇ ಸರದಿ. ಕಾಗದದ ಮಡಿಕೆಯ ಸಂದಿನಿಂದ ಗಾಳಿ ಮೊದಲು ಮುಟ್ಟಿದ್ದು ಅಂಚನ್ನು, ಹಾಗಾಗಿ ಪದರ ಅಲ್ಲಿ ಹೆಚ್ಚು ದಪ್ಪ. ಈ ಸರದಿಯನ್ನು ನೆನಪಿಟ್ಟುಕೊಳ್ಳಿ. ನಕಲಿ ಬಣ್ಣ ಹಿಡಿಯುವಾಗ ಬೇಕಾಗುತ್ತದೆ.

ಬೆಲೆಗೂ ಇದಕ್ಕೂ ಏನು ಸಂಬಂಧ?

ಹಳೆಯ ಬೆಳ್ಳಿ ನಾಣ್ಯಕ್ಕೆ ಬೆಲೆ ಮೂರು ಮೆಟ್ಟಿಲಲ್ಲಿ ಕಟ್ಟುತ್ತದೆ.

ಕೆಳಗಿನ ಮೆಟ್ಟಿಲು ಲೋಹದ್ದು. ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಅದರಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಹಾಗಾಗಿ ಒಂದು ರೂಪಾಯಿಯಲ್ಲಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ ಸಿಗುತ್ತದೆ. 1940ರಿಂದ 1945ರವರೆಗಿನ ರೂಪಾಯಿಗಳಲ್ಲಿ ಬೆಳ್ಳಿ ಅರ್ಧ ಮಾತ್ರ. 1947ರ ಹುಲಿ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಈ ಮೆಟ್ಟಿಲಲ್ಲಿ ಟೋನಿಂಗ್ ಲೆಕ್ಕಕ್ಕೇ ಬರುವುದಿಲ್ಲ. ಕರಗಿಸುವವನಿಗೆ ನೀಲಿಯಾದರೇನು, ಕಪ್ಪಾದರೇನು?

ಎರಡನೇ ಮೆಟ್ಟಿಲು ಇಸವಿ, ಟಂಕಸಾಲೆ ಮತ್ತು ಸ್ಥಿತಿಯದ್ದು. ಯಾವ ವರ್ಷದ್ದು ಅಪರೂಪ, ಎಷ್ಟು ಸವೆದಿದೆ, ಕೊಂಡಿ ಬೆಸೆದು ಸರಕ್ಕೆ ಹಾಕಿದ್ದರೇ, ಇವೆಲ್ಲ ಇಲ್ಲಿ ಬರುತ್ತವೆ. ಸ್ಥಿತಿಯನ್ನು ಅಳೆಯಲು ಜಗತ್ತಿನಾದ್ಯಂತ ಬಳಸುವುದು 1ರಿಂದ 70ರವರೆಗಿನ ಅಂಕ. 60 ಮತ್ತು ಅದಕ್ಕಿಂತ ಮೇಲೆ ಬಂದರೆ ಚಲಾವಣೆಗೇ ಹೋಗದ ನಾಣ್ಯ ಎಂದರ್ಥ.

ಮೂರನೇ ಮೆಟ್ಟಿಲು ನೋಟದ್ದು. ಒಂದೇ ಇಸವಿ, ಒಂದೇ ಅಂಕ ಇರುವ ಎರಡು ನಾಣ್ಯಗಳಲ್ಲಿ ಕಣ್ಣಿಗೆ ಹಿತವಾಗಿ ಕಾಣುವುದಕ್ಕೆ ಜಾಸ್ತಿ ಬೆಲೆ. ಬಣ್ಣದ ಆಟ ನಡೆಯುವುದು ಇಲ್ಲಿಯೇ.

ಆದರೆ ಬಣ್ಣ ಎರಡನೇ ಮೆಟ್ಟಿಲಲ್ಲೂ ಸದ್ದಿಲ್ಲದೆ ಒಂದು ಕೆಲಸ ಮಾಡುತ್ತದೆ. ಅದು ಸಾಕ್ಷಿ ಹೇಳುತ್ತದೆ. ನೂರು ವರ್ಷದ ಬೆಳ್ಳಿ ಇಷ್ಟಾದರೂ ಬಣ್ಣ ತಿರುಗಿರಬೇಕು. ಹಾಗೆ ಮೆಲ್ಲಗೆ ಸಮನಾಗಿ ಬಣ್ಣ ಕಟ್ಟಿದ್ದರೆ ಈ ಮೈಯನ್ನು ಇತ್ತೀಚೆಗೆ ಯಾರೂ ಉಜ್ಜಿಲ್ಲ ಎಂದು ತಿಳಿಯುತ್ತದೆ. ಆ ವ್ಯಾಪಾರಿ ದೀಪದ ಕೆಳಗೆ ಹುಡುಕಿದ್ದು ಬಣ್ಣವನ್ನಲ್ಲ, ಬಣ್ಣದ ಅಡಿಯಲ್ಲಿರುವ ಹೊಳಪನ್ನು.

ಟಂಕಸಾಲೆಯಲ್ಲಿ ಅಚ್ಚು ಬಿದ್ದಾಗ ಆ ಒತ್ತಡಕ್ಕೆ ಬೆಳ್ಳಿ ನಡುವಿನಿಂದ ಅಂಚಿಗೆ ಸರಿಯುತ್ತದೆ. ಆಗ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೈಯೆಲ್ಲ ಮೂಡುತ್ತವೆ. ಹೊಸ ನಾಣ್ಯವನ್ನು ದೀಪದ ಕೆಳಗೆ ತಿರುಗಿಸಿದರೆ ಬೆಳಕು ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಸುತ್ತುವುದು ಈ ಗೆರೆಗಳಿಂದ. ಒಳ್ಳೆಯ ಟೋನಿಂಗ್ ಇದ್ದರೆ ಆ ಕಡ್ಡಿಗಳು ಬಣ್ಣದ ಮೂಲಕವೂ ಸುತ್ತುತ್ತವೆ. ನನ್ನ ಎರಡನೇ ರೂಪಾಯಿಯಲ್ಲಿ ಸುತ್ತುತ್ತವೆ. ಮೊದಲನೆಯದರಲ್ಲಿ ಬೆಳಕು ಎಲ್ಲ ಕಡೆ ಒಂದೇ ಸಮನೆ ಬಿದ್ದು ಸುಮ್ಮನಾಗುತ್ತದೆ.

ಡಾಲರ್ ಚೀಲದ ಕಥೆ, ನಮ್ಮ ರೂಪಾಯಿಯ ಕಥೆ

ಬಣ್ಣ ಬಂದ ನಾಣ್ಯಕ್ಕೆ ಅತಿ ಹೆಚ್ಚು ಗಿರಾಕಿಗಳಿರುವುದು ಅಮೆರಿಕದಲ್ಲಿ. ಅಲ್ಲಿಯೂ ಮುಖ್ಯವಾಗಿ ಒಂದೇ ನಾಣ್ಯಕ್ಕೆ: ಮಾರ್ಗನ್ ಡಾಲರ್. 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಅಚ್ಚಾದ ದೊಡ್ಡ ಬೆಳ್ಳಿ ನಾಣ್ಯ ಇದು. ತೂಕ 26.73 ಗ್ರಾಂ, ನೂರಕ್ಕೆ 90 ಬೆಳ್ಳಿ.

ಜನರಿಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಅಚ್ಚಾದವು. ಉಳಿದವನ್ನು ಚೀಲಕ್ಕೆ ಸಾವಿರದಂತೆ ದಪ್ಪ ಬಟ್ಟೆ ಚೀಲಗಳಲ್ಲಿ ತುಂಬಿ ಸರ್ಕಾರದ ಖಜಾನೆಯಲ್ಲಿ ಪೇರಿಸಿದರು. ಅಲ್ಲೇ ದಶಕಗಟ್ಟಲೆ ಕೂತವು. ಚೀಲದ ನಡುವಿನ ನಾಣ್ಯಗಳಿಗೆ ಗಾಳಿ ಸೋಕಲಿಲ್ಲ, ಬೆಳ್ಳಗೇ ಉಳಿದವು. ಬಟ್ಟೆಗೆ ಒತ್ತಿಕೊಂಡಿದ್ದ ಕೆಲವೇ ನಾಣ್ಯಗಳಿಗೆ ಬಣ್ಣ ಬಂತು. ಅವುಗಳಲ್ಲೂ ಪಕ್ಕದ ನಾಣ್ಯ ಮರೆಮಾಡಿದ್ದ ಜಾಗ ಬಿಳಿ, ಉಳಿದದ್ದು ಅರ್ಧಚಂದ್ರಾಕಾರದ ಕಾಮನಬಿಲ್ಲು. ಕೆಲವದರ ಮೇಲೆ ಬಟ್ಟೆಯ ನೇಯ್ಗೆಯ ಗುರುತೇ ಬಣ್ಣದಲ್ಲಿ ಮೂಡಿದೆ. ಅದನ್ನು ನೋಡಿದರೆ ಯಾವುದೋ ಚೀಲದ ಯಾವುದೋ ಮೂಲೆ ಕಣ್ಣಿಗೆ ಕಟ್ಟುತ್ತದೆ.

1960ರ ದಶಕದ ಆರಂಭದಲ್ಲಿ ಈ ಚೀಲಗಳು ಮುಖಬೆಲೆಗೆ, ಅಂದರೆ ಡಾಲರಿಗೆ ಡಾಲರಿನಂತೆ ಜನರ ಕೈಸೇರಿದವು. ಆಗ ಬಹಳ ಸಂಗ್ರಾಹಕರಿಗೆ ಬೇಕಾಗಿದ್ದು ಬಿಳಿ ನಾಣ್ಯ. ಬಣ್ಣ ಬಂದವನ್ನು ರಾಸಾಯನಿಕದಲ್ಲಿ ಅದ್ದಿ ಬಿಳಿ ಮಾಡಿದವರಿಗೆ ಲೆಕ್ಕವಿಲ್ಲ. ರುಚಿ ಆಮೇಲೆ ಬದಲಾಯಿತು. ಇವತ್ತು 1881ರ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಡಾಲರ್‌ನಂಥ ಎಲ್ಲೆಡೆ ಸಿಗುವ ನಾಣ್ಯ ಕೂಡ ಕಾಮನಬಿಲ್ಲಿನ ಬಣ್ಣ ಹೊತ್ತಿದ್ದರೆ ಅದೇ ಅಂಕದ ಬಿಳಿ ನಾಣ್ಯಕ್ಕಿಂತ ಹಲವು ಪಟ್ಟು ಬೆಲೆಗೆ ಹೋಗುತ್ತದೆ. ಕಾರಣ ಸರಳ: ಆ ಇಸವಿಯ ನಾಣ್ಯಗಳು ರಾಶಿ ಇವೆ, ಆ ಬಣ್ಣದವು ಬೆರಳೆಣಿಕೆ.

ಈ ಕಥೆಯ ಒಂದು ಎಳೆ ನೇರವಾಗಿ ನಮ್ಮ ಮನೆಗೆ ಬರುತ್ತದೆ. ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಇಂಡಿಯಾದ ಜನ ಕಾಗದದ ನೋಟನ್ನು ನಂಬದೆ ಬೆಳ್ಳಿ ರೂಪಾಯಿ ಕೊಡಿ ಅಂತ ಪಟ್ಟು ಹಿಡಿದರು. ಸರ್ಕಾರದ ಬಳಿ ಬೆಳ್ಳಿ ಬರಿದಾಗುತ್ತಿತ್ತು. ಆಗ ಅಮೆರಿಕ 1918ರ ಏಪ್ರಿಲ್‌ನಲ್ಲಿ ಪಿಟ್‌ಮನ್ ಕಾಯ್ದೆ ತಂದಿತು. ಅದರಡಿ 27 ಕೋಟಿ ಬೆಳ್ಳಿ ಡಾಲರ್‌ಗಳನ್ನು ಕರಗಿಸಿದರು. ಅದರಲ್ಲಿ ಸುಮಾರು 25.9 ಕೋಟಿ ಡಾಲರ್‌ಗಳ ಬೆಳ್ಳಿ ಇಂಡಿಯಾದ ರೂಪಾಯಿಗಾಗಿ ಬ್ರಿಟನ್ನಿಗೆ ಮಾರಾಟವಾಯಿತು. ಅದು ಇಲ್ಲಿಗೆ ಬಂದು ಬೊಂಬಾಯಿ, ಕಲ್ಕತ್ತಾ ಟಂಕಸಾಲೆಗಳಲ್ಲಿ ರೂಪಾಯಿಯಾಯಿತು. ಬೊಂಬಾಯಿಯದ್ದಾದರೆ ಹಿಂಭಾಗದ ಕೆಳಗಡೆ ಒಂದು ಪುಟ್ಟ ಚುಕ್ಕೆ ಇರುತ್ತದೆ. ಕಲ್ಕತ್ತಾದ್ದಕ್ಕೆ ಗುರುತಿಲ್ಲ.

ಅಂದರೆ ನಿಮ್ಮ ಮನೆಯ 1918, 1919ರ ರೂಪಾಯಿಯಲ್ಲಿ ಅಮೆರಿಕದ ಡಾಲರಿನ ಬೆಳ್ಳಿ ಇರುವ ಸಾಧ್ಯತೆ ಚೆನ್ನಾಗಿಯೇ ಇದೆ. ನನ್ನ ಎರಡರಲ್ಲೂ ಆ ಚುಕ್ಕೆ ಇದೆ. ಆ ವರ್ಷಗಳಲ್ಲಿ ರೂಪಾಯಿ ಕೋಟಿಗಟ್ಟಲೆ ಅಚ್ಚಾಯಿತು ಅನ್ನುವುದನ್ನೂ ಜೊತೆಗೇ ಹೇಳಬೇಕು. ಹಾಗಾಗಿ ಇಸವಿ ನೋಡಿ ಯಾರೂ ಹೆಚ್ಚು ಕೊಡುವುದಿಲ್ಲ. ಸ್ಥಿತಿ ಮತ್ತು ನೋಟ ಮಾತ್ರವೇ ಬೆಲೆ ತರಬೇಕು.

ಎಲ್ಲ ಬಣ್ಣಕ್ಕೂ ಬೆಲೆ ಇಲ್ಲ

ಇಲ್ಲಿ ತುಂಬಾ ಜನ ಎಡವುತ್ತಾರೆ. ಯಾವುದೋ ಕಾಮನಬಿಲ್ಲಿನ ಡಾಲರ್ ಲಕ್ಷಗಟ್ಟಲೆಗೆ ಹೋಯಿತು ಅಂತ ಕೇಳಿ, ತಮ್ಮ ಕಪ್ಪು ರೂಪಾಯಿಗೂ ಅಷ್ಟು ಬರುತ್ತದೆ ಅಂದುಕೊಳ್ಳುತ್ತಾರೆ.

ಟೋನಿಂಗ್ ಬೆಲೆ ಹೆಚ್ಚಿಸುವುದು ಕೆಲವೇ ಸಂದರ್ಭಗಳಲ್ಲಿ. ನಾಣ್ಯ ಸವೆದಿರಬಾರದು, ಹೊಳಪು ಬಣ್ಣದ ಅಡಿಯಲ್ಲಿ ಜೀವಂತ ಇರಬೇಕು, ಬಣ್ಣ ಸ್ವಚ್ಛವಾಗಿ, ಕಣ್ಣಿಗೆ ಹಿತವಾಗಿ ಇರಬೇಕು. ತೆಳುವಾದ ಬೂದು ಅಥವಾ ತಿಳಿ ಚಿನ್ನದ ಬಣ್ಣ ಸಮನಾಗಿ ಹರಡಿದ್ದರೆ ಬೆಲೆ ಏರದಿದ್ದರೂ ಇಳಿಯುವುದಿಲ್ಲ, ನಂಬಿಕೆ ಹೆಚ್ಚುತ್ತದೆ. ಅಲ್ಲಲ್ಲಿ ಮಚ್ಚೆಮಚ್ಚೆಯಾಗಿ, ಮುಖದ ಮೇಲೆ ಕರಿ ಕಲೆಯಾಗಿ ಬಿದ್ದಿದ್ದರೆ ಬೆಲೆ ಇಳಿಯುತ್ತದೆ. ಪೂರ್ತಿ ಇದ್ದಿಲಿನಂತೆ ಕಪ್ಪಾಗಿದ್ದರೆ ಇನ್ನೂ ಕೆಟ್ಟದ್ದು. ಅಷ್ಟು ದಪ್ಪ ಪದರ ಆಗಿದೆ ಅಂದರೆ ಅದರಡಿಯ ಸೂಕ್ಷ್ಮ ಗೆರೆಗಳು ತಿಂದುಹೋಗಿರುತ್ತವೆ.

ಇನ್ನು ನಮ್ಮ ಮನೆಗಳಲ್ಲಿರುವ ಬಹುಪಾಲು ರೂಪಾಯಿಗಳು ಸಂತೆ, ಅಂಗಡಿ ಸುತ್ತಿ ಸವೆದವು. ಅವುಗಳಲ್ಲಿ ತಗ್ಗುಗಳು ಕಪ್ಪು, ಉಬ್ಬುಗಳು ಬೆಳ್ಳಗೆ. ಇದೂ ಒಂದು ಸಹಜ ರೂಪವೇ. ಜಾರ್ಜ್ ದೊರೆಯ ಮುಖ ಈ ಕಪ್ಪಿನಿಂದಲೇ ಎದ್ದು ಕಾಣುತ್ತದೆ. ಅದಕ್ಕೆ ವಿಶೇಷ ಬೆಲೆ ಬರುವುದಿಲ್ಲ, ಆದರೆ ಉಜ್ಜಿದರೆ ಇರುವ ನೋಟವೂ ಹೋಗುತ್ತದೆ.

ಉಜ್ಜಿದರೆ ನಿಜಕ್ಕೂ ಏನಾಗುತ್ತದೆ?

ಕಪ್ಪು ಪದರದಲ್ಲಿ ಇರುವುದು ಬೆಳ್ಳಿಯೇ, ಗಂಧಕದ ಜೊತೆ ಸೇರಿದ ಬೆಳ್ಳಿ. ಆ ಪದರ ತೆಗೆದರೆ ಆ ಬೆಳ್ಳಿಯೂ ಹೋಯಿತು. ಕೆಂಪಕ್ಕಿಯನ್ನು ಮಿಲ್ಲಿಗೆ ಹಾಕಿ ಬಿಳಿ ಮಾಡಿದ ಹಾಗೆ. ತೌಡು ಹೋದ ಮೇಲೆ ಅದನ್ನು ಮತ್ತೆ ಅಕ್ಕಿಗೆ ಅಂಟಿಸಲಾಗುವುದಿಲ್ಲ.

ಹುಣಸೆಹಣ್ಣಿನ ಹುಳಿ ತಾಮ್ರದ ಕಿಲುಬನ್ನು ಚೆನ್ನಾಗಿ ಕರಗಿಸುತ್ತದೆ. ಬೆಳ್ಳಿಯ ಕಪ್ಪಿನ ಮೇಲೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ನಿಜವಾಗಿ ಕೆಲಸ ಮಾಡುವುದು ನಮ್ಮ ಬೆರಳಿನ ತಿಕ್ಕು, ಹುಣಸೆಯ ನಾರು, ವಿಭೂತಿಯ ಕಣ. ಹಲ್ಲುಪುಡಿ, ಪಾತ್ರೆ ಪುಡಿ ಅಂತೂ ಕೇಳುವುದೇ ಬೇಡ. ಒಂದೊಂದು ಕಣವೂ ಬೆಳ್ಳಿಯ ಮೇಲೆ ಒಂದು ಗೀರು ಎಳೆಯುತ್ತದೆ. ನನ್ನ ಮೊದಲ ರೂಪಾಯಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ದೊರೆಯ ಕೆನ್ನೆಯ ಮೇಲೆ ಕೂದಲಿನಂಥ ಗೀರುಗಳು ಒಂದೇ ದಿಕ್ಕಿಗೆ ಓಡಿವೆ. ಅಜ್ಜಿಯ ಹೆಬ್ಬೆರಳು ಓಡಿದ ದಿಕ್ಕು ಅದು. ನನಗೆ ಆ ಗೀರುಗಳೂ ಅಮೂಲ್ಯ. ಮಾರುಕಟ್ಟೆಗೆ ಮಾತ್ರ ಅವು ಬೇಡ.

ರಾಸಾಯನಿಕದಲ್ಲಿ ಅದ್ದುವ ದ್ರಾವಣಗಳೂ ಸಿಗುತ್ತವೆ. ಇವು ಗೀರು ಮಾಡುವುದಿಲ್ಲ. ತೆಳು ಪದರವನ್ನು ಅನುಭವಸ್ಥರು ಕೆಲವೇ ಸೆಕೆಂಡು ಅದ್ದಿ ತೆಗೆದರೆ ಹಾನಿ ಕಾಣದೆಯೂ ಇರಬಹುದು. ಆದರೆ ಪ್ರತಿ ಸಲ ಅದ್ದಿದಾಗಲೂ ಬೆಳಕನ್ನು ಸುತ್ತಿಸುವ ಆ ಸೂಕ್ಷ್ಮ ಗೆರೆಗಳು ಒಂದಷ್ಟು ಕರಗುತ್ತವೆ. ಎರಡು ಮೂರು ಸಲ ಆದ ಮೇಲೆ ನಾಣ್ಯ ಬೆಳ್ಳಗಿರುತ್ತದೆ, ಹೊಳಪಿರುವುದಿಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ.

ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರಿನ ಉಪಾಯವೂ ಮನೆಮನೆಗೆ ಗೊತ್ತು. ಇದರಲ್ಲಿ ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆಗೆ ಹೋಗುತ್ತದೆ. ಬೆಳ್ಳಿ ನಾಣ್ಯದಲ್ಲೇ ಉಳಿಯುತ್ತದೆ ನಿಜ. ಆದರೆ ಮೊದಲಿನ ಜಾಗದಲ್ಲಿ ಮೊದಲಿನ ಹಾಗೆ ಕೂರುವುದಿಲ್ಲ, ಮೈ ಮಂಕಾಗುತ್ತದೆ. ದೀಪ, ತಟ್ಟೆ, ಕುಂಕುಮದ ಬಟ್ಟಲಿಗೆ ಇದು ಚೆನ್ನಾದ ಉಪಾಯ. ಸಂಗ್ರಹದ ನಾಣ್ಯಕ್ಕೆ ಅಲ್ಲ.

ಹಾಗಾದರೆ ಏನನ್ನೂ ಮಾಡಬಾರದೇ? ಮಣ್ಣು, ಎಣ್ಣೆ ಜಿಡ್ಡು, ಅಂಟು ಇದ್ದರೆ ತೆಗೆಯಬಹುದು. ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿ, ಉಜ್ಜದೆ, ಮೆತ್ತನೆಯ ಬಟ್ಟೆಯ ಮೇಲೆ ಒತ್ತಿ ಒಣಗಿಸಿ. ಜಿಡ್ಡಿಗೆ ಶುದ್ಧ ಅಸಿಟೋನ್ ಬಳಸುತ್ತಾರೆ. ಅದು ಬೆಳ್ಳಿಯನ್ನಾಗಲಿ ಟೋನಿಂಗನ್ನಾಗಲಿ ಮುಟ್ಟುವುದಿಲ್ಲ. ಉಗುರುಬಣ್ಣ ತೆಗೆಯುವ ದ್ರಾವಣ ಬೇಡ, ಅದರಲ್ಲಿ ಬೇರೆ ವಸ್ತುಗಳೂ ಇರುತ್ತವೆ. ಅಸಿಟೋನ್ ಥಟ್ಟನೆ ಬೆಂಕಿ ಹಿಡಿಯುತ್ತದೆ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಇರದಿರಲಿ.

ನಕಲಿ ಬಣ್ಣದ ಗುರುತು

ಬಣ್ಣಕ್ಕೆ ಬೆಲೆ ಬಂದ ಮೇಲೆ ಬಣ್ಣ ಹಚ್ಚುವವರೂ ಹುಟ್ಟಿಕೊಂಡರು. ಗಂಧಕದ ಪುಡಿಯ ಜೊತೆ ಬಿಸಿ ಮಾಡುವುದು, ಬೇಯಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಡುವುದು, ಗಂಧಕದ ದ್ರಾವಣ ಬಳಿಯುವುದು ಹೀಗೆ. ಹತ್ತಾರು ವರ್ಷ ಹಿಡಿಯುವ ಕೆಲಸ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ರಾಸಾಯನಿಕವಾಗಿ ಎರಡೂ ಬೆಳ್ಳಿ ಸಲ್ಫೈಡೇ. ಅದಕ್ಕೇ ಗುರುತು ಹಿಡಿಯುವುದು ಕಷ್ಟ.

ಮೊದಲು ನೋಡಬೇಕಾದದ್ದು ಬಣ್ಣದ ಸರದಿ. ಬರೀ ಬೆಳ್ಳಿಯ ಪಕ್ಕದಲ್ಲೇ ನೇರವಾಗಿ ಹಸಿರು ಅಥವಾ ಕಡುನೀಲಿ ಇದ್ದು, ನಡುವೆ ಹಳದಿ, ಕೆಂಪು ಕಾಣದಿದ್ದರೆ ಅನುಮಾನ ಪಡಬೇಕು. ಮೆಲ್ಲಗೆ ಬೆಳೆದ ಪದರ ಮೆಟ್ಟಿಲು ಹಾರುವುದಿಲ್ಲ.

ಎರಡನೆಯದು ಅಕ್ಷರಗಳ ಅಂಚು. ಸಹಜ ಟೋನಿಂಗ್‌ನಲ್ಲಿ ಉಬ್ಬಿದ ಅಕ್ಷರಗಳ ಬುಡದ ಸುತ್ತ ಬಣ್ಣ ಸಾಮಾನ್ಯವಾಗಿ ಒಂದು ಹೆಜ್ಜೆ ಹಿಂದೆ ಇರುತ್ತದೆ, ತೆಳುವಾದ ತಿಳಿ ಗೆರೆ ಕಾಣುತ್ತದೆ. ಎಲ್ಲ ನಾಣ್ಯದಲ್ಲೂ ಇರುವುದಿಲ್ಲ, ಇದ್ದರೆ ಒಳ್ಳೆಯ ಲಕ್ಷಣ. ಮೂರನೆಯದು ಬಣ್ಣದ ಅಡಿಯಲ್ಲಿ ಗೀರುಗಳಿವೆಯಾ ಎಂದು ನೋಡುವುದು. ಉಜ್ಜಿ ಹಾಳಾದ ನಾಣ್ಯವನ್ನು ಮುಚ್ಚಿಹಾಕಲೆಂದೇ ಬಣ್ಣ ಹಚ್ಚುವುದು ಬಹಳ. ತೀರಾ ಸವೆದ ನಾಣ್ಯದ ಮೇಲೆ ಥಳಥಳಿಸುವ ಕಾಮನಬಿಲ್ಲು ಇದ್ದರೂ ಹಾಗೆಯೇ ಅನುಮಾನಿಸಬೇಕು. ಹೊಳಪು ಸತ್ತ ಮೈಮೇಲೆ ಬಣ್ಣ ಅಷ್ಟು ಜೀವಂತವಾಗಿ ಕೂರುವುದು ಅಪರೂಪ.

ಇದಕ್ಕೆಂದೇ ತೀರ್ಪು ಕೊಡುವ ಸಂಸ್ಥೆಗಳಿವೆ. ಅಮೆರಿಕದ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಶುರುವಾದವು. ನಾಣ್ಯ ಪರೀಕ್ಷಿಸಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತವೆ. ಅದನ್ನು ಸಂಗ್ರಾಹಕರು ಸ್ಲ್ಯಾಬ್ ಅನ್ನುತ್ತಾರೆ. ಬಣ್ಣ ಅಸಹಜ ಅನ್ನಿಸಿದರೆ, ತೊಳೆದದ್ದು ಕಂಡರೆ, ಅಂಕ ಕೊಡದೆ ಆ ದೋಷವನ್ನೇ ಚೀಟಿಯಲ್ಲಿ ಬರೆಯುತ್ತವೆ. ಅಂಥ ನಾಣ್ಯದ ಬೆಲೆ ತಟ್ಟನೆ ಬೀಳುತ್ತದೆ. ಬಣ್ಣ ಅಪರೂಪಕ್ಕೆ ಚೆನ್ನಾಗಿದ್ದರೆ ಎನ್‌ಜಿಸಿ ಅಂಕದ ಪಕ್ಕ ಒಂದು ನಕ್ಷತ್ರ ಹಾಕುತ್ತದೆ. ಆ ಒಂದು ಚುಕ್ಕಿಗೇ ಹೆಚ್ಚು ಕೊಡುವವರಿದ್ದಾರೆ.

ತಾಮ್ರ ಮತ್ತು ಚಿನ್ನ

ತಾಮ್ರದಲ್ಲಿ ಲೆಕ್ಕ ಬೇರೆ. ಹೊಸ ತಾಮ್ರ ಕಿತ್ತಳೆ ಕೆಂಪು, ಆಮೇಲೆ ಕಂದು. ಕಾಲಾಣೆಯಂಥ ನಾಣ್ಯಗಳಲ್ಲಿ ಆ ಮೊದಲ ಕೆಂಪು ಉಳಿದಿದ್ದಷ್ಟೂ ಬೆಲೆ ಜಾಸ್ತಿ. ಸ್ಲ್ಯಾಬ್ ಸಂಸ್ಥೆಗಳು ಕೆಂಪು, ಕೆಂಪು-ಕಂದು, ಕಂದು ಎಂದು ಮೂರು ವರ್ಗ ಮಾಡಿವೆ. ಕೆಂಪು ಅನ್ನಿಸಿಕೊಳ್ಳಲು ನೂರಕ್ಕೆ 95 ಭಾಗ ಮೂಲ ಬಣ್ಣ ಉಳಿದಿರಬೇಕು.

ಟಿಪ್ಪುವಿನ ಆನೆ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕನ್ನಡ ಅಕ್ಷರವಿರುವ ಮಯಿಲಿ ಕಾಸು, ಇಂಥ ಹಳೆಯ ತಾಮ್ರದಲ್ಲಿ ಕೆಂಪನ್ನು ಯಾರೂ ನಿರೀಕ್ಷಿಸುವುದಿಲ್ಲ. ಅಲ್ಲಿ ಬೇಕಾದದ್ದು ಸಮನಾದ, ಗಟ್ಟಿಯಾದ ಕಂದು ಅಥವಾ ಕಡುಹಸಿರು ಪದರ. ಅದು ಒಳಗಿನ ಲೋಹವನ್ನು ಕಾಯುತ್ತದೆ, ವಯಸ್ಸಿಗೂ ಸಾಕ್ಷಿ. ಅದನ್ನು ಹುಣಸೆಯಲ್ಲಿ ತೊಳೆದು ಗುಲಾಬಿ ಬಣ್ಣಕ್ಕೆ ತಂದ ಆನೆ ಪೈಸೆಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಪುಡಿಪುಡಿಯಾಗಿ ಉದುರುವ ತಿಳಿಹಸಿರು ಚುಕ್ಕೆಗಳು ಕಂಡರೆ ಅದು ರಕ್ಷಣೆಯಲ್ಲ, ಕಾಯಿಲೆ. ಉಪ್ಪಿನ ಅಂಶ ಲೋಹದೊಳಗೆ ಸೇರಿ ತಿನ್ನುತ್ತಿದೆ ಎಂದರ್ಥ. ಅಂಥ ನಾಣ್ಯವನ್ನು ತೇವದಿಂದ ದೂರ, ಬೇರೆಯಾಗಿಡಿ. ಕರಾವಳಿಯ ಮನೆಗಳಲ್ಲಿ ಇದರ ಬಗ್ಗೆ ಹೆಚ್ಚು ಎಚ್ಚರ ಬೇಕು.

ಶುದ್ಧ ಚಿನ್ನ ಬಣ್ಣ ತಿರುಗುವುದಿಲ್ಲ. ಅದರ ಜೊತೆ ಬೆರೆಸಿದ ತಾಮ್ರ, ಬೆಳ್ಳಿಯಿಂದ ಮಾತ್ರ ಒಂದಿಷ್ಟು ಕೆಂಪು ಛಾಯೆ ಬರಬಹುದು.

ಇಡುವುದು, ಮಾರುವುದು

ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ. ಬೆರಳಿನ ಬೆವರಿನ ಗುರುತು ಮುಂದೆ ಟೋನಿಂಗ್ ಆಗಿ ಮೂಡುತ್ತದೆ, ಅದಕ್ಕೆ ಯಾರೂ ಬೆಲೆ ಕೊಡುವುದಿಲ್ಲ. ಪಿವಿಸಿಯ ಮೆತ್ತನೆಯ ಪ್ಲಾಸ್ಟಿಕ್ ಆಲ್ಬಮ್ ಬೇಡ. ಕಾಲಕ್ರಮದಲ್ಲಿ ಅದು ಹಸಿರು ಜಿಡ್ಡು ಬಿಡುತ್ತದೆ, ಲೋಹವನ್ನು ತಿನ್ನುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ದುಂಡು ಕ್ಯಾಪ್ಸೂಲ್‌ಗಳು ಸಿಗುತ್ತವೆ, ಅವು ವಾಸಿ. ಡಬ್ಬಿಯೊಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ರಬ್ಬರ್ ಬ್ಯಾಂಡ್, ಹಳೇ ಪೇಪರ್, ಉಣ್ಣೆ ಬಟ್ಟೆ ದೂರ ಇರಲಿ. ಕಾಗದದಿಂದ ಅಂದದ ಬಣ್ಣ ಬಂದ ನನ್ನ ರೂಪಾಯಿಯದ್ದು ಅದೃಷ್ಟ. ಸಾಲಿನಲ್ಲಿ ಹತ್ತು ನಾಣ್ಯ ಹಾಗಿಟ್ಟರೆ ಒಂಬತ್ತು ಬರೀ ಕಪ್ಪಾಗುತ್ತವೆ.

ಮಾರುವ ಯೋಚನೆ ಇದ್ದರೆ ಒಬ್ಬರಿಗಿಂತ ಹೆಚ್ಚು ವ್ಯಾಪಾರಿಗಳಿಗೆ ತೋರಿಸಿ. ಆಭರಣದ ಅಂಗಡಿಯಲ್ಲಿ ಸಿಗುವುದು ಮೊದಲ ಮೆಟ್ಟಿಲಿನ ಬೆಲೆ ಮಾತ್ರ. ಫೋನಿನಲ್ಲಿ “ನಿಮ್ಮ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ” ಅನ್ನುವವರನ್ನು ನಂಬಬೇಡಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡು ಹೀಗೆ ಹಣ ಕೀಳುವವರ ಬಗ್ಗೆ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಸಿದೆ. ಅದು ಇಂಥ ವ್ಯವಹಾರ ಮಾಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ. ಹೊರದೇಶದಲ್ಲಿರುವ ಮಕ್ಕಳಿಗೆ ಅಜ್ಜಿಯ ರೂಪಾಯಿ ಕಳಿಸುವ ಆಸೆ ಇರುವವರೂ ಒಂದು ಮಾತು ತಿಳಿದಿರಬೇಕು. ಪುರಾತನ ವಸ್ತುಗಳ ಬಗೆಗಿನ 1972ರ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾತನ ವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ನನ್ನ 1919ರ ಎರಡೂ ಈಗ ಆ ಲೆಕ್ಕಕ್ಕೆ ಸೇರಿವೆ.

ನಾನು ಎರಡನ್ನೂ ಮಾರಲಿಲ್ಲ. ಮನೆಯಲ್ಲಿ ಈಗ ಒಂದು ಏರ್ಪಾಡು ಮಾಡಿಕೊಂಡಿದ್ದೇವೆ. ಪೂಜೆಗೆ ಕೂರುವುದು ಮೊದಲಿನ ರೂಪಾಯಿಯೇ. ಹಬ್ಬದ ಹಿಂದಿನ ದಿನ ಅಮ್ಮ ಅದನ್ನು ಎಂದಿನಂತೆ ವಿಭೂತಿಯಲ್ಲಿ ಉಜ್ಜುತ್ತಾರೆ, ಕಲಶದ ಮುಂದೆ ಇಡುತ್ತಾರೆ. ಎರಡನೆಯದು ಕ್ಯಾಪ್ಸೂಲ್ ಒಳಗೆ ಬೀರುವಿನಲ್ಲಿದೆ. ಯಾರಾದರೂ ಕೇಳಿದಾಗ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ನೀಲಿ ಅಂಚಿನ ಮೇಲೆ ಆ ಕಡ್ಡಿಗಳು ಸುತ್ತುವುದನ್ನು ತೋರಿಸುತ್ತೇನೆ.